ದಾವಣಗೆರೆಗೆ ಹೋಗುವಾಗ ಮಾತ್ರ

ಹರಿಹರ
14 ಮಾರ್ಚ್ 2024

ಅಣ್ಣ,

ಈ ಕಾಗದವನ್ನು ನಬೀ ಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಟೆಂಪೊ ದಿನವೂ ದಾವಣಗೆರೆಗೆ ಹೋಗುತ್ತದೆ, ದಾರಿಯಲ್ಲಿ ನಿಮ್ಮೂರು ಬಾತಿಯಲ್ಲಿ ಚಹಾಕ್ಕೆ ನಿಲ್ಲುತ್ತದೆ. ಸರೋಜಾ ಅತ್ತಿಗೆಗೆ ಫೋನ್ ಮಾಡಿ ಹೇಳಬಹುದಿತ್ತು. ಆದರೆ ನಾನು ಹೇಳಿದ್ದನ್ನು ಅವರು ನಿನಗೆ ಸನ್ನೆಯಲ್ಲಿ ತಿಳಿಸುವಷ್ಟರಲ್ಲಿ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ನಿನ್ನ ಫೋನನ್ನಂತೂ ನೀನು ಯಾರಿಗೋ ಕೊಟ್ಟುಬಿಟ್ಟಿದ್ದೀಯಂತೆ.

ಟಿ.ಬಿ.ಗೆ ಕೊಟ್ಟ ಇಂಜೆಕ್ಷನ್ನು ನಿನ್ನ ಕಿವಿ ತೆಗೆದುಕೊಂಡ ಮೇಲೆ ನೀನು ದಾವಣಗೆರೆ ಕರೂರಿನ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಬೀಗ ಹಾಕಿದೆ. ಮನೆಗೂ ಯಾರೂ ಬರಬೇಡಿ ಎಂದೆ. ನಾನು ಬಂದಿಲ್ಲ. ಆದರೆ ವಾರಕ್ಕೆ ಎರಡು ಸಲ ನಿಮ್ಮೂರ ಕೆರೆಯ ಪಕ್ಕದಲ್ಲೇ ಹಾದುಹೋಗುತ್ತೇನೆ. ಮಂಗಳವಾರ, ಶುಕ್ರವಾರ ಇವರಿಗೆ ದಾವಣಗೆರೆಯಲ್ಲಿ ಡಯಾಲಿಸಿಸ್. ಟ್ಯಾಕ್ಸಿ ಓಡಿಸುತ್ತಿದ್ದ ಮನುಷ್ಯ ಈಗ ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಸ್ಟೀರಿಂಗ್ ನನ್ನ ಕೈಯಲ್ಲಿ. ಕಲಿಸಿದ್ದೂ ಇವರೇ.

ಈಗ ಗಾಡಿ ಕೈಕೊಡುತ್ತಿದೆ. ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಯಾರೋ ಉಸಿರು ಹಿಡಿದ ಹಾಗೆ ಜೋರು ಇಳಿದು, ಎರಡು ಜಗ್ಗು ಜಗ್ಗಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಯೇ ಇಲ್ಲ ಎನ್ನುವಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ಒಂದು ದಿನವೂ ನಿಂತಿಲ್ಲ. ಏನಿರಬಹುದು?

ನಿನ್ನ ತಂಗಿ,
ಸುನೀತಾ

*

ಬಾತಿ
18 ಮಾರ್ಚ್ 2024

ಸುನೀತಾ,

ಕಾಗದ ಸಿಕ್ಕಿತು. ನನ್ನನ್ನು ಕೇಳಿ ಪ್ರಯೋಜನವಿಲ್ಲ. ನನ್ನ ವಿದ್ಯೆಯೆಲ್ಲ ಕಿವಿಯಲ್ಲಿತ್ತು. ಇಂಜಿನ್ ಎರಡು ನಿಮಿಷ ಓಡಿದರೆ ಸಾಕಿತ್ತು, ಪಂಪೋ ನಾಝಲ್ಲೋ ಹೇಳುತ್ತಿದ್ದೆ. ಈಗ ನಿಮ್ಮ ಅತ್ತಿಗೆ ಪಾತ್ರೆ ಬೀಳಿಸಿದರೂ ಕಾಲಿಗೆ ತಾಗಿದಾಗಲೇ ಗೊತ್ತಾಗುವುದು. ಹರಿಹರದಲ್ಲಿ ಹುಡುಗರು ಕಂಪ್ಯೂಟರ್ ಹಾಕಿ ನೋಡುತ್ತಾರೆ, ಅವರ ಹತ್ತಿರ ಹೋಗು.

ಡೀಸೆಲ್ ಫಿಲ್ಟರ್ ಬದಲಾಯಿಸಿ ನೋಡಿದ್ದೀರಾ? ಹೆಚ್ಚಿನ ಪಾಲು ಅದೇ ಇರುತ್ತದೆ.

ತಿಮ್ಮೇಶನಿಗೆ ಕೇಳಿದೆನೆಂದು ಹೇಳು.

ಮಾಲತೇಶ್

*

ಹರಿಹರ
31 ಮಾರ್ಚ್ 2024

ಅಣ್ಣ,

ಫಿಲ್ಟರ್ ಹಾಕಿಸಿದೆ. ಹೊಸದಾಗಿ ಹಾಕಿದ ಮೊದಲನೇ ಮಂಗಳವಾರವೇ ಗಾಡಿ ನಿಂತಿತು. ಹಿಂದಿನಿಂದ ಬಂದ ಲಾರಿ ಒಂದು ಗೇಣು ತಪ್ಪಿ ಹೋಯಿತು. ಬದಿಗೆ ತಳ್ಳುವವರಿಲ್ಲ. ಇವರು ಇಳಿಯಲು ಹೋದರು, ನಾನು ಗದರಿ ಕೂರಿಸಿದೆ. ಆಸ್ಪತ್ರೆ ಮುಟ್ಟುವಾಗ ನಮ್ಮ ಮಶೀನನ್ನು ಬೇರೆಯವರಿಗೆ ಹಾಕಿಬಿಟ್ಟಿದ್ದರು. ಮಾರನೆಯ ದಿನ ಬನ್ನಿ ಎಂದರು. ಆ ರಾತ್ರಿಯೆಲ್ಲ ಇವರಿಗೆ ಮಲಗಲಾಗಲಿಲ್ಲ, ಗೋಡೆಗೆ ಒರಗಿ ಕೂತು ಉಸಿರು ಎಳೆದರು.

ಬಸ್ಸಿಗೋ ಆಟೋಕ್ಕೋ ಹೋಗಿ ಎಂದು ನೀನು ಬರೆಯಬಹುದು. ಹೋಗುವುದಕ್ಕೇನೋ ಆದೀತು. ಬರುವಾಗ ಇವರಿಗೆ ತಲೆ ಎತ್ತಲಾಗುವುದಿಲ್ಲ ಅಣ್ಣ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತರುತ್ತೇನೆ. ಈ ಗಾಡಿ ನಮಗೆ ಗಾಡಿಯಲ್ಲ, ಅರ್ಧ ಮಂಚ.

ಇಲ್ಲಿ ಅಂಜನಕುಮಾರ ಎಂಬ ಮೆಕ್ಯಾನಿಕ್ ಇದ್ದಾನೆ, ಒಳ್ಳೆಯವನು. ಪ್ರತಿ ಸಲ ಸ್ಕ್ಯಾನರ್ ಹಚ್ಚುತ್ತಾನೆ, ಪ್ರತಿ ಸಲ "ಏನೂ ತೋರ್ಸ್ತಾ ಇಲ್ಲ ಅಕ್ಕ" ಎನ್ನುತ್ತಾನೆ. ನನಗೆ ಸಾಕಾಗಿದೆ. ನಿನಗೆ ಕಿವಿ ಇಲ್ಲದಿದ್ದರೆ ನನ್ನ ಕಿವಿ ಇದೆ. ಏನು ಕೇಳಿಸಿಕೊಳ್ಳಬೇಕು, ಏನು ನೋಡಬೇಕು ಹೇಳು, ಬರೆದು ಕಳಿಸುತ್ತೇನೆ.

ಸುನೀತಾ

*

ಬಾತಿ
3 ಏಪ್ರಿಲ್ 2024

ಸುನೀತಾ,

ಲಾರಿಯ ವಿಷಯ ಓದಿ ನಿದ್ದೆ ಬರಲಿಲ್ಲ.

ಇದಕ್ಕೆ ಉತ್ತರ ಬರೆ. ನಿಲ್ಲುವ ಮೊದಲು ಶಬ್ದ ಬದಲಾಗುತ್ತದೆಯೇ, ಇಲ್ಲ ಶಬ್ದ ಹಾಗೆಯೇ ಇದ್ದು ಬಲ ಮಾತ್ರ ಇಳಿಯುತ್ತದೆಯೇ? ರಸ್ತೆ ನುಣ್ಣಗಿದ್ದ ಕಡೆ ನಿಲ್ಲುತ್ತದೋ, ಕುಲುಕಿದ ಮೇಲೆ ನಿಲ್ಲುತ್ತದೋ? ನಿಂತ ಮೇಲೆ ಯಾರಾದರೂ ಬ್ಯಾಟರಿಯ ವೈರ್ ಬಿಚ್ಚಿ ಹಾಕುತ್ತಾರೆಯೇ?

ಇನ್ನೊಂದು ಕೆಲಸ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಕೀಲಿ ತಿರುಗಿಸಿ ಸ್ಕ್ಯಾನರ್ ಹಚ್ಚಲು ಅಂಜನಕುಮಾರನಿಗೆ ಹೇಳು. ಇಂಜಿನ್ನಿನ ನೀರಿನ ಬಿಸಿ, ಒಳಗೆ ಹೋಗುವ ಗಾಳಿಯ ಬಿಸಿ, ಡೀಸೆಲ್ಲಿನ ಬಿಸಿ, ಮೂರನ್ನೂ ತೋರಿಸುತ್ತದೆ. ತಣ್ಣಗೆ ನಿಂತ ಗಾಡಿಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಯಾವುದಾದರೂ ಒಂದು ಬೇರೆ ಹೇಳಿದರೆ ಅದೇ ಸುಳ್ಳುಗಾರ.

ಮಾಲತೇಶ್

*

ಹರಿಹರ
16 ಏಪ್ರಿಲ್ 2024

ಅಣ್ಣ,

ಶಬ್ದ ಹಾಗೆಯೇ ಇದ್ದು ಬಲ ಇಳಿಯುತ್ತದೆ. ಕುಲುಕಿದ ಮೇಲೆಯೇ ಹೆಚ್ಚು. ಆದರೆ ಕುಲುಕಿದಾಗಲೆಲ್ಲ ಅಲ್ಲ. ಹೋಗುವಾಗಲೂ ನಿಂತಿದೆ, ಬರುವಾಗಲೂ ನಿಂತಿದೆ. ಬ್ಯಾಟರಿಯ ವಿಷಯ ನೀನು ಕೇಳಿದ್ದು ನೋಡಿ ಬೆಚ್ಚಿದೆ. ನಿಂತಾಗಲೆಲ್ಲ ಬ್ಯಾಟರಿಯ ವೈರ್ ಬಿಚ್ಚಿ ಹಾಕಿದರೆ ಬೇಗ ಸ್ಟಾರ್ಟ್ ಆಗುತ್ತದೆ ಎಂದು ಪೆಟ್ರೋಲ್ ಬಂಕಿನವನೊಬ್ಬ ಹೇಳಿದ್ದ. ನಾನು ಹಾಗೆಯೇ ಮಾಡುತ್ತಿದ್ದೆ. ಅಂಜನಕುಮಾರ ತಲೆ ಚಚ್ಚಿಕೊಂಡ. "ಅಕ್ಕ, ಗಾಡಿ ಏನಾಯ್ತು ಅಂತ ನೆನಪಿಟ್ಕೊಂಡಿರತೈತಿ. ನೀವು ನಾನು ನೋಡೋಕೆ ಮುಂಚೆ ಅಳಿಸಿ ತರ್ತೀರಿ!"

ಬೆಳಗಿನ ಪರೀಕ್ಷೆಯಲ್ಲಿ ಮೂರೂ ಸರಿಯಾಗಿದ್ದವು, ಸುಳ್ಳುಗಾರ ಸಿಗಲಿಲ್ಲ. ಆಮೇಲೆ ಅವನೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆ ಬಂದ. ರೈಲ್ವೆ ಗೇಟಿನ ಹತ್ತಿರ ಕುಲುಕಿದ ತಕ್ಷಣ "ನೋಡ್ರಿ ನೋಡ್ರಿ!" ಎಂದು ಕೂಗಿದ. ಡೀಸೆಲ್ಲಿನ ಬಿಸಿ ಒಂದೇ ಏಟಿಗೆ ಕುದಿಯುವ ನೀರಿಗಿಂತ ಮೇಲೆ ಹೋಗಿತ್ತು. ಡೀಸೆಲ್ ಅಷ್ಟು ಕಾದಿದೆ ಎಂದು ನಂಬಿ ಗಾಡಿ ತಾನೇ ಹೆದರಿ ನಿಲ್ಲುತ್ತಿತ್ತು! ಡೀಸೆಲ್ಲಿನ ಬಿಸಿ ಅಳೆಯುವ ಸೆನ್ಸರ್ ಹೊಸದು ಹಾಕಿದ್ದಾನೆ.

ಇವರು ಇವತ್ತು ಒಂದು ಲೋಟ ಮಜ್ಜಿಗೆ ಕೇಳಿದರು. ನೀರು ಅಳೆದು ಕುಡಿಯಬೇಕಲ್ಲ, ಅರ್ಧ ಕೊಟ್ಟೆ. ಖಾಲಿ ಲೋಟವನ್ನು ತುಂಬ ಹೊತ್ತು ಹಿಡಿದು ಕೂತಿದ್ದರು.

ಸುನೀತಾ

*

ಹರಿಹರ
26 ಏಪ್ರಿಲ್ 2024

ಅಣ್ಣ,

ಮತ್ತೆ ನಿಂತಿತು. ಹೊಸ ಸೆನ್ಸರ್ ಹಾಕಿಯೂ. ಬರುವಾಗ ಇವರು ಹಿಂದೆ ಮಲಗಿದ್ದರು, ಸುಡುಬಿಸಿಲು. ಕಿಟಕಿಗೆ ನನ್ನ ಸೆರಗು ಕಟ್ಟಿ ನೆರಳು ಮಾಡಿದೆ. ಇನ್ನು ಬರೆಯಲು ಶಕ್ತಿಯಿಲ್ಲ.

ಸುನೀತಾ

*

ಬಾತಿ
27 ಏಪ್ರಿಲ್ 2024

ಸುನೀತಾ,

ತಪ್ಪು ನನ್ನದೂ ಹೌದು. ಸೆನ್ಸರ್ ಸಿಕ್ಕಿತೆಂದು ನೀನು ಬರೆದಾಗ ನಾನೂ ಹಿಗ್ಗಿಬಿಟ್ಟೆ, ಮುಂದೆ ಯೋಚಿಸಲಿಲ್ಲ.

ಸೆನ್ಸರಿನಿಂದ ಬರುವ ವೈರು ಗಾಡಿಯ ಮೈಗೆ ತಾಗಿದರೆ ಹೀಗೇ ಆಗುತ್ತದೆ, ವಿಪರೀತ ಬಿಸಿ ತೋರಿಸುತ್ತದೆ. ಅದರ ಬದಲು ಸೆನ್ಸರಿನ ಪ್ಲಗ್ ಕಳಚಿಕೊಂಡರೆ ಉಲ್ಟಾ, ಹಿಮಾಲಯದ ಚಳಿ ತೋರಿಸುತ್ತದೆ. ಎರಡಕ್ಕೂ ಗಾಡಿ ಹೆದರಿ ನಿಲ್ಲುತ್ತದೆ. ನಿಮ್ಮದು ಬಿಸಿ. ಅಂದರೆ ಎಲ್ಲೋ ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ಉಜ್ಜುತ್ತಿದೆ. ಇಂಜಿನ್ ಚಾಲೂ ಇಟ್ಟು, ಸ್ಕ್ಯಾನರ್ ನೋಡುತ್ತಾ ವೈರನ್ನು ಗೇಣುಗೇಣಾಗಿ ಅಲುಗಾಡಿಸಲು ಹೇಳು. ಹೊರಗಿನ ಕೊಳವೆ ಚೆನ್ನಾಗಿದ್ದರೂ ಬಿಡಬಾರದು, ಸೀಳಿ ನೋಡಬೇಕು.

ಕಿಟಕಿಗೆ ಕಟ್ಟಲು ನಿಮ್ಮ ಅತ್ತಿಗೆ ಒಂದು ಹಳೇ ಪಂಚೆ ಹೊಲಿದು ಕೊಟ್ಟಿದ್ದಾಳೆ. ನಬೀ ಸಾಬರಿಗೆ ಕೊಟ್ಟಿದ್ದೇನೆ.

ಮಾಲತೇಶ್

*

ಹರಿಹರ
8 ಮೇ 2024

ಅಣ್ಣ,

ಸಿಕ್ಕಿತು! ಬ್ಯಾಟರಿಯ ತಟ್ಟೆಯ ಕೆಳಗೆ, ಕ್ಲಿಪ್ಪಿನ ಸಂದಿಯಲ್ಲಿ, ಕೊಳವೆಯ ಒಳಗೆ ಇಲಿ ಕಡಿದಂತೆ ಸವೆದಿತ್ತು. ಅಂಜನಕುಮಾರ ಹೊಸ ತುಂಡು ಬೆಸೆದು, ಬೇರೆ ದಾರಿಯಲ್ಲಿ ಎಳೆದು ಕಟ್ಟಿದ್ದಾನೆ. "ನಿಮ್ಮಣ್ಣಾರಿಗೆ ಹೇಳ್ರಿ, ಒಂದ್ಸಲ ಬಂದು ಹೋಗ್ಲಿ ಅಂತ. ನೋಡ್ಬೇಕು ಅವರ್ನ" ಎಂದ. ಹೇಳಿದ್ದೇನೆ, ಅಷ್ಟೇ. ಬಾ ಎನ್ನುತ್ತಿಲ್ಲ.

ಆಮೇಲೆ ಎರಡು ಸಲ ಹೋಗಿ ಬಂದೆವು, ಗಾಡಿ ಕೆಮ್ಮಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಇವರು ಮಾತ್ರ "ಹ್ಞೂಂ, ಆತು ಬಿಡು" ಎಂದರು, ಅಷ್ಟೇ. ಆಯಾಸವಿರಬೇಕು.

ಸುನೀತಾ

*

ಹರಿಹರ
19 ಜೂನ್ 2024

ಅಣ್ಣ,

ಒಂದು ತಿಂಗಳು ಚೆನ್ನಾಗಿತ್ತು, ಅದಕ್ಕೇ ಬರೆಯಲಿಲ್ಲ. ಈಗ ಪುನಃ ಶುರುವಾಗಿದೆ. ಅದೇ ರೀತಿ ಬಲ ಇಳಿದು ನಿಲ್ಲುತ್ತದೆ. ಈ ಸಲ ಬ್ಯಾಟರಿ ಮುಟ್ಟಿಲ್ಲ. ಅಂಜನಕುಮಾರ ನೋಡಿದರೆ ಡೀಸೆಲ್ಲಿನ ಬಿಸಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋದದ್ದು ದಾಖಲಾಗಿದೆಯಂತೆ. ಸೆನ್ಸರಿನ ಪ್ಲಗ್ ಸಡಿಲ ಎಂದು ಒತ್ತಿ ಕೂರಿಸಿದ. ಎರಡು ದಿನ ಬಿಟ್ಟು ಮತ್ತೆ ಅದೇ. ಪ್ಲಗ್ಗಿನ ಕೊಂಡಿಯೂ ಗಟ್ಟಿಯಾಗಿದೆ, ಹೇಗೆ ಕಳಚುತ್ತದೋ ದೇವರಿಗೇ ಗೊತ್ತು ಎನ್ನುತ್ತಾನೆ.

ಈಗೀಗ ದಾವಣಗೆರೆಗೆ ಹೋಗುವಾಗ ಮಾತ್ರ ನಿಲ್ಲುತ್ತದೆ. ಬರುವಾಗ ಒಮ್ಮೆಯೂ ಇಲ್ಲ. ಬೆಳಿಗ್ಗೆ ಇವರೇ ಬಾನೆಟ್ ಎತ್ತಿ ನೀರು, ಆಯಿಲ್ ನೋಡಿ ಇಡುತ್ತಾರೆ. ಮೊದಲಿನಿಂದಲೂ ಅದು ಅವರದೇ ಕೆಲಸ, ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗೆ ನೋಡಿಟ್ಟ ಗಾಡಿಯೇ ನಿಂತರೆ ಇವರಿಗೆ ಎಷ್ಟು ಬೇಸರವಾಗಬೇಡ! ಆದರೂ ಒಂದು ಮಾತು ಆಡುವುದಿಲ್ಲ. ಮರದ ನೆರಳು ನೋಡಿ ಕೂತುಬಿಡುತ್ತಾರೆ.

ಕಳೆದ ಶುಕ್ರವಾರ ಆಸ್ಪತ್ರೆ ತಪ್ಪಿತು. ಶನಿವಾರ ಮುಖವೆಲ್ಲ ಊದಿ ಅಡ್ಮಿಟ್ ಮಾಡಬೇಕಾಯಿತು. ಈಗ ಮನೆಗೆ ಬಂದಿದ್ದೇವೆ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ನನಗೇ ಬೈದರು. ಅಣ್ಣ, ಏನಾದರೂ ಹೇಳು.

ಸುನೀತಾ

*

ಬಾತಿ
21 ಜೂನ್ 2024

ತಿಮ್ಮೇಶ,

ಈ ಕಾಗದ ನಿನಗೆ. ನಿನ್ನ ಕೈಗೇ ಕೊಡಬೇಕೆಂದು ನಬೀ ಸಾಬರಿಗೆ ಹೇಳಿದ್ದೇನೆ. ಸುನೀತಾಗೆ ನಾನು ಏನೂ ಬರೆದಿಲ್ಲ.

ಮೊದಲಿನ ದೋಷ ಗಾಡಿಯದು. ಸವೆದ ವೈರಿಗೆ ಹರಿಹರ ಯಾವ ಕಡೆ, ದಾವಣಗೆರೆ ಯಾವ ಕಡೆ ಎಂದು ಗೊತ್ತಿರಲಿಲ್ಲ. ಹೋಗುವಾಗಲೂ ನಿಲ್ಲಿಸಿತು, ಬರುವಾಗಲೂ ನಿಲ್ಲಿಸಿತು. ಈಗಿನದಕ್ಕೆ ದಾರಿ ಗೊತ್ತಿದೆ. ಕೊಂಡಿ ಗಟ್ಟಿಯಿರುವ ಪ್ಲಗ್ ತಾನಾಗಿ ಕಳಚುವುದಿಲ್ಲ. ಕೊಂಡಿ ಎತ್ತಿ ಅರ್ಧ ಎಳೆದಿಟ್ಟರೆ ಒಂದಷ್ಟು ದೂರ ಹೋಗಿ ಕಳಚುತ್ತದೆ. ಹಾಗೆ ಮಾಡಲು ಆ ಗಾಡಿಯನ್ನು ಚೆನ್ನಾಗಿ ಬಲ್ಲವನೇ ಬೇಕು.

ನನ್ನ ಊಹೆ ತಪ್ಪಾಗಿದ್ದರೆ ಈ ಕಾಗದವನ್ನು ಹರಿದುಹಾಕು, ನಾನು ಬಂದು ಕಾಲು ಹಿಡಿಯುತ್ತೇನೆ. ಸರಿಯಾಗಿದ್ದರೆ ಯಾಕೆ ಎಂದು ಬರೆ. ಬೈಯುವುದಿಲ್ಲ.

ನಿನ್ನ ಭಾವ,
ಮಾಲತೇಶ್

*

ಹರಿಹರ
27 ಜೂನ್ 2024

ಭಾವ,

ಹರಿದುಹಾಕಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಗಾಡಿ ನಿಮ್ಮೂರ ಕೆರೆಯ ಹತ್ತಿರ ನಿಂತಿತ್ತು. ಸುನೀತಾ ಬ್ಯಾಟರಿಯ ಜೊತೆ ಗುದ್ದಾಡಿ ಸೋತು ಪಕ್ಕ ಬಂದು ಕೂತಳು. ಇಬ್ಬರೂ ಹುಣಸೆಮರದ ಕೆಳಗೆ ಕೂತಿದ್ದೆವು. ಎಷ್ಟೋ ತಿಂಗಳ ಮೇಲೆ ಅವಳು ಔಷಧಿಯ ಹೊತ್ತು ಬಿಟ್ಟು ಬೇರೆ ಮಾತಾಡಿದಳು. ಹೊಸದಾಗಿ ಮದುವೆಯಾದಾಗ ಸಾರಥಿ ಊರಿನ ತನಕ ಸೈಕಲ್ಲಿನಲ್ಲಿ ಹೋಗಿದ್ದನ್ನು ನೆನೆಸಿಕೊಂಡು ನಕ್ಕಳು. ಆವತ್ತು ಸೂಜಿ ಚುಚ್ಚಿಸಿಕೊಳ್ಳಲಿಲ್ಲ. ಅದು ಯಾರ ತಪ್ಪೂ ಆಗಿರಲಿಲ್ಲ. ಗಾಡಿ ನಿಂತಿತ್ತು, ಅಷ್ಟೇ.

ವೈರ್ ಸರಿಹೋದ ಮೇಲೆ ಮತ್ತೆ ಅದೇ ಮಂಗಳವಾರ, ಅದೇ ಶುಕ್ರವಾರ. ನನಗೆ ಸಾಕಾಗಿದೆ ಭಾವ. ಸಾಯಬೇಕೆಂದಲ್ಲ. ಒಂದು ದಿನ ಬಿಡುವು ಬೇಕು ಅನ್ನಿಸುತ್ತದೆ. ಅದನ್ನು ಅವಳಿಗೆ ಹೇಗೆ ಹೇಳಲಿ? ನಾನು ಬದುಕಲಿ ಎಂದು ಮುಂಜಾನೆ ಎದ್ದು ಬ್ಲೌಸ್ ಹೊಲಿದು, ಲಾರಿಗಳ ನಡುವೆ ಗಾಡಿ ಓಡಿಸುವವಳಿಗೆ "ನನಗೆ ಬೇಡ" ಎನ್ನಲೇ? ಮುಖ ನೋಡಿದರೆ ಬಾಯಿ ಬರುವುದಿಲ್ಲ. ಕೈ ಮಾತ್ರ ಬಾನೆಟ್ಟಿನ ಒಳಗೆ ಹೋಗುತ್ತದೆ.

ಅಡ್ಮಿಟ್ ಮಾಡಿದ ದಿನ ಡಾಕ್ಟರು ಅವಳಿಗೆ ಬೈಯುವಾಗ ನಾನು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ.

ತಿಮ್ಮೇಶ್

*

ಬಾತಿ
29 ಜೂನ್ 2024

ತಿಮ್ಮೇಶ,

ಓದಿದೆ. ನಾನು ಬುದ್ಧಿ ಹೇಳುವ ಮನುಷ್ಯನಲ್ಲ. ಕಿವಿ ಹೋದ ಮೇಲೆ ನಾನೂ ಬಾಗಿಲು ಹಾಕಿಕೊಂಡು ಕೂತವನೇ. ಯಾರ ಮುಖವೂ ಬೇಡವಾಗಿತ್ತು. ನಿನಗೆ ಸಾಕಾಗಿರುವುದು ಸುಳ್ಳು ಎಂದು ನಾನು ಅನ್ನುವುದಿಲ್ಲ.

ಆದರೆ ಗಾಡಿಯನ್ನು ಇದರಲ್ಲಿ ಎಳೆಯಬೇಡ. ರಸ್ತೆಯ ನಡುವೆ ನಿಂತಾಗ ಸ್ಟೀರಿಂಗ್ ಅವಳ ಕೈಯಲ್ಲಿರುತ್ತದೆ, ಹಿಂದೆ ಲಾರಿ ಇರುತ್ತದೆ. ಬೇಡವಾದ ದಿನ ಬೇಡ ಎಂದು ಬಾಯಿಬಿಟ್ಟು ಹೇಳು. ಅವಳು ಅಳಬಹುದು. ಅಳಲಿ. ಡಾಕ್ಟರಿಗೂ ಹೇಳು, ಅವರು ಏನು ಹೇಳುತ್ತಾರೋ ಇಬ್ಬರೂ ಕೂತು ಕೇಳಿ. ನಿರ್ಧಾರ ನಿನ್ನದು. ಅದನ್ನು ಪ್ಲಗ್ಗಿನ ಮೇಲೆ ಹಾಕಬೇಡ.

ಮಂಗಳವಾರ ಬೆಳಿಗ್ಗೆ ನಾನು ಕೆರೆಯ ಹತ್ತಿರ ರಸ್ತೆಯಲ್ಲಿ ನಿಂತಿರುತ್ತೇನೆ. ಹೋಗುವುದಾದರೆ ನನ್ನನ್ನೂ ಹತ್ತಿಸಿಕೊಳ್ಳಿ.

ಮಾಲತೇಶ್

*

ಹರಿಹರ
4 ಜುಲೈ 2024

ಅತ್ತಿಗೆ,

ಮೊನ್ನೆ ಅಣ್ಣ ಕತ್ತಲಾದ ಮೇಲೆ ಮನೆಗೆ ಬಂದನೆಂದು ನೀವು ಗಾಬರಿಯಾಗಿದ್ದಿರಂತೆ. ಏನಾಯಿತೆಂದು ಅವನು ನಿಮಗೆ ಸರಿಯಾಗಿ ಹೇಳಿರಲಾರ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಮಂಗಳವಾರ ಎಂದಿನಂತೆ ಹೊರಟೆ. ಕೀಲಿ ತಿರುಗಿಸಿದೆ, ಇಂಜಿನ್ ಓಡುತ್ತಿತ್ತು. ಇವರು ನನ್ನ ಕೈ ಮೇಲೆ ಕೈ ಇಟ್ಟರು.

"ಇವತ್ತು ಬ್ಯಾಡ ಕಣೆ."

ನನಗೆ ಅರ್ಥವಾಗಲಿಲ್ಲ. "ಯಾಕ, ಮೈ ಸರಿ ಇಲ್ಲೇನ್ರಿ?" ಎಂದೆ.

"ಮೈ ಇರೋದು ಹಿಂಗೇ. ನಂಗೆ ಸಾಕಾಗೈತೆ." ಆಮೇಲೆ ಪ್ಲಗ್ಗಿನ ವಿಷಯವನ್ನೆಲ್ಲ ಹೇಳಿದರು. ತಲೆ ತಗ್ಗಿಸಿ, ಡ್ಯಾಶ್‌ಬೋರ್ಡಿನ ಧೂಳು ಒರೆಸುತ್ತಾ ಹೇಳಿದರು.

ಅತ್ತಿಗೆ, ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಬೇಸಿಗೆಯ ಬಿಸಿಲು, ಆ ಲಾರಿ, ಡಾಕ್ಟರ ಮಾತು, ಎಲ್ಲ ಒಟ್ಟಿಗೆ ನೆನಪಾಯಿತು. "ನನ್ ಹತ್ರ ಒಂದ್ ಮಾತು ಹೇಳಕ್ಕಾಗ್ಲಿಲ್ಲೇನ್ರಿ ನಿಮಗೆ?" ಎಂದು ಕಿರುಚಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿ ಒಳಗೆ ಹೋದರು.

"ಹೇಳಿದ್ರೆ ನೀನು ಅಳ್ತೀಯ," ಎಂದರು. "ಗಾಡಿ ನಿಂತ್ರೆ ಗಾಡಿಗೆ ಬೈತೀಯ."

ಇಂಜಿನ್ ಆಫ್ ಮಾಡಿದೆ. ಅತ್ತುಬಿಟ್ಟೆ. ಅವರು ತಡೆಯಲಿಲ್ಲ. ಆಮೇಲೆ ಇಬ್ಬರೂ ಕೂತೇ ಇದ್ದೆವು, ಅಂಗಳದಲ್ಲೇ, ಗಾಡಿಯ ಒಳಗೇ. ಹೋಗೋಣ ಎಂದು ನಾನು ಒಂದು ಸಲವೂ ಹೇಳಲಿಲ್ಲ. ಹೇಳಬಾರದೆಂದು ನಾಲಿಗೆ ಕಚ್ಚಿ ಹಿಡಿದೆ. ಅದು ನನ್ನ ಜೀವಮಾನದಲ್ಲೇ ಕಷ್ಟದ ಕೆಲಸ.

ತುಂಬ ಹೊತ್ತಾದ ಮೇಲೆ ಅವರೇ, "ಭಾವ ರೋಡಿನಾಗೆ ನಿಂತಿರ್ತಾನೆ. ಅವನಿಗೆ ಫೋನೂ ಇಲ್ಲ. ನಡಿ, ಹೋಗಾನ" ಎಂದರು.

"ಅಣ್ಣನ್ನ ಮನೆಗೆ ಬಿಟ್ಟು ವಾಪಸ್ ಬರಬೋದು," ಎಂದೆ.

"ಮೊದ್ಲು ನಡಿ."

ಕೆರೆಯ ಹತ್ತಿರ ಅಣ್ಣ ಇರಲಿಲ್ಲ, ಅದಕ್ಕೆ ಮೊದಲೇ ಸಿಕ್ಕಿದ. ಎಷ್ಟು ಕಾದರೂ ನಾವು ಬಾರದ್ದನ್ನು ನೋಡಿ, ಗಾಡಿ ಮತ್ತೆ ಎಲ್ಲೋ ಕೆಟ್ಟು ನಿಂತಿದೆ ಎಂದು ಹರಿಹರದ ಕಡೆಗೆ ನಡೆದುಕೊಂಡೇ ಹೊರಟುಬಿಟ್ಟಿದ್ದ. ರಸ್ತೆಯ ಆ ಬದಿಯಲ್ಲಿ, ತಲೆಗೆ ಟವೆಲ್ ಹಾಕಿಕೊಂಡು, ಹೆಗಲಿಗೆ ಸ್ಪ್ಯಾನರಿನ ಚೀಲ, ನೆಲ ನೋಡುತ್ತಾ ನಡೆಯುತ್ತಿದ್ದ. ನಾನು ಹಾರ್ನ್ ಮಾಡಿದೆ. ಬಿಡದೆ ಮಾಡಿದೆ. ದಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅಣ್ಣ ಒಬ್ಬನೇ ನೋಡಲಿಲ್ಲ. ಅವನಿಗೆ ಕಿವಿ ಇಲ್ಲವೆಂಬುದು ನನಗೆ ಮೊದಲ ಸಲ ಗೊತ್ತಾದಂತೆ ಆಯಿತು.

ಗಾಡಿ ನಿಲ್ಲಿಸುವಷ್ಟರಲ್ಲಿ ಇವರು ಬಾಗಿಲು ತೆಗೆದು ಇಳಿದಿದ್ದರು. ಹತ್ತು ಹೆಜ್ಜೆಗೆ ಏದುಸಿರು ಬಿಡುವವರು, ಬಸ್ಸುಗಳಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಿ, ಹಿಂದಿನಿಂದ ಹೋಗಿ ಅಣ್ಣನ ತೋಳು ಹಿಡಿದರು.

ಅಣ್ಣ ಬೆಚ್ಚಿ ತಿರುಗಿದ. ತನಗೆ ಕೇಳಿಸದ್ದಕ್ಕೆ ದೊಡ್ಡ ದನಿಯಲ್ಲಿ ಕೂಗಿದ, ಈಚೆ ಬದಿಯಲ್ಲಿದ್ದ ನನಗೂ ಕೇಳಿಸಿತು: "ಎಲ್ಲಿ ನಿಂತಿತ್ತೋ ಗಾಡಿ?"

ಇವರು ತಲೆ ಅಲ್ಲಾಡಿಸಿದರು. ಗಾಡಿಯ ಕಡೆ ಬೆರಳು ತೋರಿಸಿ ಅಲ್ಲ ಎಂದು ಕೈ ಆಡಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿ ತೋರಿಸಿದರು.

ಅಣ್ಣ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಇವರ ಕೈ ಹಿಡಿದು ರಸ್ತೆ ದಾಟಿಸಿಕೊಂಡು ಬಂದ.

ಗಾಡಿಯಲ್ಲಿ ಕೂತ ಮೇಲೆ ಎತ್ತ ಹೋಗಬೇಕೆಂದು ನಾನು ಕೇಳಲಿಲ್ಲ. ಇವರೇ ಮುಂದಕ್ಕೆ ಕೈ ತೋರಿಸಿದರು, ದಾವಣಗೆರೆ ಕಡೆಗೆ. ತಡವಾಗಿದ್ದಕ್ಕೆ ಸಿಸ್ಟರ್ ಗೊಣಗಿದರು, ಮಧ್ಯಾಹ್ನದ ಮೇಲೆ ಮಶೀನ್ ಸಿಕ್ಕಿತು. ಅದಕ್ಕೇ ಕತ್ತಲಾದದ್ದು. ಡಾಕ್ಟರ ಹತ್ತಿರ ಇವರು ಎಲ್ಲವನ್ನೂ ಹೇಳಿದರು. ಅವರು ಬೈಯಲಿಲ್ಲ, ಕುರ್ಚಿ ಎಳೆದು ಕೂತು ಕೇಳಿದರು. ಮುಂದಿನ ವಾರ ಮತ್ತೆ ಕೂತು ಮಾತಾಡೋಣ ಎಂದಿದ್ದಾರೆ. ಎಷ್ಟು ದಿನ ಹೋಗುತ್ತಾರೋ ನನಗೆ ಗೊತ್ತಿಲ್ಲ ಅತ್ತಿಗೆ. ಬೇಡವಾದ ದಿನ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಕೇಳಿಸಿಕೊಳ್ಳುತ್ತೇನೆ ಎಂದು ನಾನೂ ಕೊಟ್ಟಿದ್ದೇನೆ.

ನಾಳೆಯೂ ಅಣ್ಣ ಬರುತ್ತಾನಂತೆ. ಮಶೀನಿನ ಪಕ್ಕ ತಾನು ಕೂರುತ್ತೇನೆ, ನೀನು ಹೊರಗೆ ಬೆಂಚಿನ ಮೇಲೆ ಮಲಗು ಎಂದಿದ್ದಾನೆ. ಮೊನ್ನೆ ನಾನು ಅಲ್ಲಿ ಗೊರಕೆ ಹೊಡೆದೆನಂತೆ. ಒಳಗೆ ಏಸಿಯ ಚಳಿ ಜಾಸ್ತಿ, ಅವನಿಗೆ ಒಂದು ಹೊದಿಕೆ ಕೊಟ್ಟು ಕಳಿಸಿ.

ನಿಮ್ಮ ನಾದಿನಿ,
ಸುನೀತಾ